ಮುಟ್ಟಿದರೆ ಬೀಳಿಸುವ ಗುರು

ವರ್ತೂರಿನ ಪಿಳ್ಳಮ್ಮನ ಮನೆಯ ಮಾಳಿಗೆ ಮೇಲೆ ತಗಡಿನ ಚಾವಣಿ ಎಳೆಸಿಕೊಂಡು ಬಾಡಿಗೆಗೆ ಬಂದವನ ಹೆಸರು ಸಂಗಮೇಶ್. ಆ ಹೆಸರು ಹಿಡಿದು ಕರೆದರೆ ಅವನು ಓಗೊಡುತ್ತಿರಲಿಲ್ಲ. ‘ಶಿಹಾನ್’ ಅನ್ನಬೇಕು. ಗುರುವಿಗೂ ಗುರುವಾದವನನ್ನು ಜಪಾನಿನಲ್ಲಿ ಹಾಗೆ ಕರೀತಾರಂತೆ. ಕಲಿಸುತ್ತಿದ್ದದ್ದು ಜುಜುತ್ಸು, ಬರಿಗೈಯಲ್ಲಿ ಹೊಡೆದಾಡುವ ಹಳೇ ಜಪಾನಿ ವಿದ್ಯೆ. ಕಪ್ಪು ರೇಷ್ಮೆ ಅಂಗಿ ತೊಟ್ಟು ಕೆಂಪು ಪಟ್ಟಿ ಬಿಗಿದನೆಂದರೆ ಒಂದಿದ್ದ ಹೊಟ್ಟೆ ಎರಡಾಗಿ ಕಾಣುತ್ತಿತ್ತು. ಒಂದು ದಿನ ಹಡಗಿನಲ್ಲಿದ್ದೆ ಅಂದ, ಇನ್ನೊಂದು ದಿನ ಸೈನ್ಯದಲ್ಲಿದ್ದೆ ಅಂದ. ಕೇಳುವವರು ದಿನಕ್ಕೊಬ್ಬರಾದರೆ ಸುಳ್ಳು ನಡೆಯುತ್ತದೆ. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುವವಳು ಒಬ್ಬಳೇ ಆಗಿಬಿಟ್ಟರೆ ಕಷ್ಟ.

ಪಿಳ್ಳಮ್ಮ ಸಾಯಂಕಾಲ ಆ ಮೆಟ್ಟಿಲ ಮೇಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಗಾಳಿ ಬರುತ್ತಿದ್ದದ್ದು ಅಲ್ಲಿ, ಕೆರೆಯ ನಾತ ಸ್ವಲ್ಪ ಕಡಿಮೆ ಇದ್ದದ್ದೂ ಅಲ್ಲೇ.

ಅವನು ಕಳ್ಳನೋ ಸುಳ್ಳನೋ, ತನಗೇನು ಅಂತ ಅವಳೂ ಸುಮ್ಮನಿರಬಹುದಿತ್ತು. ಆದರೆ ಮೊಮ್ಮಗಳು ಮಾಲಾ ಅವನ ಶಿಷ್ಯೆ. ವೈಟ್‌ಫೀಲ್ಡ್ ಕಡೆಯ ಗೋಡೌನ್ ಒಂದರಲ್ಲಿ ಪ್ಯಾಕಿಂಗ್ ಕೆಲಸ ಅವಳಿಗೆ. ಹೋದ ವರ್ಷ ಕತ್ತಲಾದ ಮೇಲೆ ಕೆರೆ ಏರಿ ಮೇಲೆ ಬರುತ್ತಿದ್ದಾಗ ಬೈಕಿನವನೊಬ್ಬ ಚಾಕು ತೋರಿಸಿ ಬ್ಯಾಗು ಕಿತ್ತುಕೊಂಡು ಹೋಗಿದ್ದ. ಹುಡುಗಿ ಒಂದು ವಾರ ಅನ್ನ ನೆಟ್ಟಗೆ ಉಂಡಿರಲಿಲ್ಲ. ಆಮೇಲೆ ಕಂಪನಿ ವ್ಯಾನ್ ಹಿಡಿದಳು, ಮೇಲಿನ ಕ್ಲಾಸಿಗೂ ಸೇರಿದಳು. ಚಾಕು ಹಿಡಿದವನ ಮಣಿಕಟ್ಟು ಒತ್ತಿ ನೆಲಕ್ಕೆ ಕೆಡಹುವುದನ್ನು ಸಂಗಮೇಶ್ ಹೇಳಿಕೊಟ್ಟ. ಒಂದು ದಿನ ಮಾಲಾ ತಲೆ ಬಾಚಿಕೊಳ್ಳುತ್ತಾ ಅಂದಳು:

“ಬರೋ ತಿಂಗಳಿಂದ ವ್ಯಾನ್ ಬಿಟ್ಬಿಡ್ತೀನಿ ಅಜ್ಜಿ. ಊರೆಲ್ಲಾ ಸುತ್ತಾಡಿಸ್ತಾನೆ. ಏರಿ ಮೇಲೆ ನಡ್ಕೊಂಡ್ ಬಂದ್ರೆ ಸಾಕು. ಇನ್ನೊಂದ್ ಸಲ ಚಾಕು ತೋರಿಸ್ಲಿ, ನೋಡೇಬಿಡ್ತೀನಿ.”

ಚಾಕುವಿನವನಿಗಿಂತ ರೇಷ್ಮೆ ಅಂಗಿಯವನ ಮೇಲೇ ಪಿಳ್ಳಮ್ಮನಿಗೆ ಸಿಟ್ಟು ಬಂತು.

ಗಂಡ ವೆಂಕಟೇಶಪ್ಪನಿಗೆ ಹೇಳಿದರೆ, “ನಿಂಗೇನ್ ಗೊತ್ತು, ಸುಮ್ಕಿರು. ಜಪಾನಿನೋನೇ ಬಂದು ತಲೆ ಬಗ್ಸಿ ಓದ” ಅಂದ. ಅದು ನಿಜ. ಬ್ರೂಕ್‌ಫೀಲ್ಡ್‌ನಲ್ಲಿದ್ದ ಒಬ್ಬ ಜಪಾನಿ ಇಂಜಿನಿಯರನ್ನು ಸಂಗಮೇಶ್ ಕ್ಲಾಸಿನ ವಾರ್ಷಿಕೋತ್ಸವಕ್ಕೆ ಕರೆತಂದಿದ್ದ. ಆ ಪುಣ್ಯಾತ್ಮ ಸಂಗಮೇಶನಿಗೆ ನಡುಬಗ್ಗಿಸಿ ವಂದಿಸಿದ್ದೇ ತಡ, ಮಕ್ಕಳನ್ನು ಕ್ಲಾಸಿಗೆ ಕಳಿಸುತ್ತಿದ್ದ ಅಪಾರ್ಟ್‌ಮೆಂಟಿನ ಅಪ್ಪಂದಿರೆಲ್ಲ ಫೋಟೋ ಹೊಡೆದುಕೊಂಡರು. ಅದೇ ಮನುಷ್ಯ ಪಿಳ್ಳಮ್ಮನಿಗೂ ಬಗ್ಗಿದ, ಎದುರು ಅಪಾರ್ಟ್‌ಮೆಂಟಿನ ವಾಚ್‌ಮ್ಯಾನಿಗೂ ಬಗ್ಗಿದ, ನೀರಿನ ಟ್ಯಾಂಕರ್ ಡ್ರೈವರಿಗೂ ಬಗ್ಗಿದ. ಅದರ ಫೋಟೋ ಯಾರೂ ತೆಗೆಯಲಿಲ್ಲ.

ಪಿಳ್ಳಮ್ಮನ ಮಾವ ಗರಡಿಯಲ್ಲಿ ಪಳಗಿದವರು. ಅವರ ಕಥೆಗಳೆಲ್ಲ ಏಟು ತಿಂದಲ್ಲಿಂದಲೇ ಶುರುವಾಗುತ್ತಿದ್ದವು. ಉಸ್ತಾದರು ಹೇಗೆ ಎತ್ತಿ ಒಗೆದರು, ಬಾಯೊಳಕ್ಕೆ ಎಷ್ಟು ಕೆಮ್ಮಣ್ಣು ಹೋಯಿತು, ಯಾವ ಹಲ್ಲು ಅಲ್ಲಾಡಿತು. ಮುಪ್ಪಿನಲ್ಲೂ ಉಸ್ತಾದರನ್ನು ಬೈಯುತ್ತಲೇ ಕಣ್ಣು ಒರೆಸಿಕೊಳ್ಳುತ್ತಿದ್ದರು. ಈ ಸಂಗಮೇಶನ ಬಾಯಲ್ಲಿ ಒಂದು ದಿನವಾದರೂ ತಾನು ಬಿದ್ದ ಮಾತು ಬಂದಿರಲಿಲ್ಲ. ಅವನು ಮೆಟ್ಟಿಲು ಹತ್ತುವಾಗ ಪಿಳ್ಳಮ್ಮ ತಡೆದು ಕೇಳಿದಳು.

“ಅಲ್ಲಪ್ಪಾ, ನಿಮ್ ಗುರು ನಿಂಗೆ ಒಡೀತಿದ್ರಾ?”

“ನನಗಾ? ಫಸ್ಟ್ ಡೇನೇ ನನ್ ಕಣ್ಣು ನೋಡಿ ಎದ್ದು ನಿಂತ್ಬಿಟ್ರು ಅಮ್ಮಾ. ಇಷ್ಟು ವರ್ಷ ನಿನಗೋಸ್ಕರಾನೇ ಕಾಯ್ತಿದ್ದೆ ಅಂದ್ರು.”

“ಯಾವ್ ಭಾಷೇಲಿ ಅಂದ್ರು?”

ಸಂಗಮೇಶ್ ಪಟ್ಟಿ ಸರಿಮಾಡಿಕೊಂಡ. “ಅದು... ಮನಸ್ಸಿನ ಭಾಷೆ.”

“ಅವ್ರ ಎಸ್ರು?”

“ಹೇಳೋ ಹಾಗಿಲ್ಲಮ್ಮ. ಪ್ರಮಾಣ ಮಾಡಿದೀನಿ.”

“ಸರಿ ಬುಡು,” ಅಂದಳು ಪಿಳ್ಳಮ್ಮ. “ಸತ್ತೋರ ಎಸ್ರು ಯೇಳ್ಬೋದು, ಉಟ್ದೇ ಇರೋರ ಎಸ್ರು ಎಲ್ಲಿಂದ ತಂದೀಯಾ.”

ಅವನು ನಕ್ಕ. ಮುದುಕಿಯ ಮಾತಿಗೆ ನಕ್ಕು ಸುಮ್ಮನಾದರೆ ದೊಡ್ಡತನ ಅಂತ ಅವನ ಎಣಿಕೆ.

ಶನಿವಾರ ಅಪ್ಪ ಅಮ್ಮಂದಿರ ಮುಂದೆ ಪ್ರದರ್ಶನ. ಸಂಗಮೇಶ್ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು “ಹಾಯ್!” ಅಂತ ಅಬ್ಬರಿಸಿದರೆ ಸಾಕು, ಶಿಷ್ಯರು ಕೊಯ್ದ ರಾಗಿ ಪೈರಿನ ಹಾಗೆ ಒರಗುತ್ತಿದ್ದರು. ಮಾಲಾ ಅಂತೂ ಬೆರಳು ತಾಕುವ ಮುಂಚೆಯೇ ಬಿದ್ದಳು. ಅಷ್ಟರಲ್ಲಿ ಕೆಳಗಿನ ರೂಮಿನ ರುಕ್ಮವ್ವ ಬಂದಳು. ಯಾದಗಿರಿ ಕಡೆಯವಳು, ಗಾರೆ ಕೆಲಸಕ್ಕೆ ಹೋಗುವವಳು. ಒಣಹಾಕಿದ ಬಟ್ಟೆ ಅಲ್ಲೇ ಮೂಲೆಯ ಹಗ್ಗದ ಮೇಲಿತ್ತು. ಚಪ್ಪಾಳೆ ತಲೆಗೇರಿದ್ದ ಸಂಗಮೇಶ್, “ನೋಡಿ, ಈ ಅಮ್ಮನಿಗೆ ಏನೂ ಗೊತ್ತಿಲ್ಲ, ಆದ್ರೂ ಬೀಳ್ತಾರೆ!” ಎಂದು ಅವಳ ಮಣಿಕಟ್ಟು ಹಿಡಿದು ಒತ್ತಿ “ಹಾಯ್!” ಅಂದ.

ರುಕ್ಮವ್ವ ಅವನ ಮುಖ ನೋಡಿದಳು.

“ಯಾಕ್ರೀ ಸರ, ನಾಡಿ ನೋಡಾಕತ್ತೀರೇನು? ನನಗ ಜ್ವರ ಇಲ್ರಿ. ಕೈ ಬಿಡ್ರಿ, ಅರಿವಿ ತಗೀಬೇಕು.”

ಇನ್ನೂ ಜೋರಾಗಿ ಒತ್ತಿದ. ಅವಳು ಅವನ ಕೈಯನ್ನೂ ಎಳೆದುಕೊಂಡೇ ಹಗ್ಗದ ತನಕ ಹೋದಳು.

ಅಷ್ಟಾದ ಮೇಲೆ ನಾಚಿಕೆ ಇದ್ದವನು ತಗಡು ಬಿಚ್ಚಿಕೊಂಡು ಹೋಗುತ್ತಿದ್ದ. ಇವನು ಬೆವರು ಒರೆಸಿಕೊಂಡು, “ಇಟ್ಟಿಗೆ ಹೊತ್ತು ಹೊತ್ತು ನರ ಎಲ್ಲಾ ಸತ್ತೋಗಿವೆ ಇವರಿಗೆ” ಅಂದ. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ, ಕಂಪ್ಯೂಟರ್ ಓದಿದ ಅಪ್ಪಂದಿರು ಹೌದ್ಹೌದು ಅಂತ ತಲೆಯಾಡಿಸಿದರು. ದುಡಿದು ತಿನ್ನುವವಳ ನರ ಸತ್ತಿದೆಯಂತೆ, ಕೂತು ತಿನ್ನುವವರ ನರ ಚುರುಕಾಗಿದೆಯಂತೆ!

ಊಟಕ್ಕೆ ಕೂತಾಗ ಮಾಲಾನೂ ಅದನ್ನೇ ಅಂದಳು. “ಆಯಮ್ಮಂಗೆ ಫೀಲಿಂಗ್ ಇಲ್ಲ ಅಜ್ಜಿ.”

“ಅವ್ಳ ಇಸ್ಯ ಬುಡು. ನಿನ್ನ ಅವ್ನು ಬೀಳಿಸ್ದ್ನಾ, ನೀನಾಗೇ ಬಿದ್ಯಾ?”

“ಎಲ್ಲಾರೂ ಬೀಳ್ತಾರೆ.”

“ಎಲ್ಲಾರ್ನ ಕೇಳ್ನಿಲ್ಲ ನಾನು.”

ಮಾಲಾ ಮುದ್ದೆ ಮುರಿಯುತ್ತಾ ಕೂತಳು. ಪಿಳ್ಳಮ್ಮ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

“ಬೀಳ್ದಿದ್ರೆ ಒಳಗೆ ಬ್ಲಾಕ್ ಇದೆ ಅಂತಾರೆ,” ಅಂದಳು ಮಾಲಾ ಕೊನೆಗೆ. “ಎಲ್ಲರ ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಮಾಡ್ತಾರೆ. ಅದಕ್ಕೆ...”

“ಚಾಕು ಇಡ್ಕಂಡ್ ಬರೋನ್ಗೆ, ಒತ್ತಿದ್ರೆ ಬೀಳ್ಬೇಕು ಅಂತ ಯಾರವ್ವ ಯೇಳ್ಕೊಟ್ಟಿರ್ತಾರೆ?”

ಹುಡುಗಿ ತಟ್ಟೆ ಸರಿಸಿ ದುಡುದುಡು ಎದ್ದು ಹೋದಳು. ಪಿಳ್ಳಮ್ಮ ಹಿಂದೆ ಹೋಗಲಿಲ್ಲ.

ಮುಂದಿನ ಕ್ಲಾಸಿನಲ್ಲಿ ಸಂಗಮೇಶ್ ಎಂದಿನಂತೆ ಮಾಲಾಳನ್ನೇ ಕರೆದ. ಅವಳು ಮರದ ಚಾಕು ಹಿಡಿದು ಬಂದಳು. ಅವನು ಮಣಿಕಟ್ಟು ಒತ್ತಿ “ಹಾಯ್!” ಅಂದ. ಅವಳು ನಿಂತೇ ಇದ್ದಳು. ಮತ್ತೆ ಒತ್ತಿದ. ಅವನ ಮುಖ ಕೆಂಪಾಯಿತು. ಮೆಟ್ಟಿಲ ಮೇಲಿದ್ದ ಪಿಳ್ಳಮ್ಮನ ಕಿವಿಗೆ ಅವನ ಪಿಸುಮಾತು ಚೆನ್ನಾಗಿಯೇ ಬಿತ್ತು.

“ಬೀಳಮ್ಮಾ... ಏ, ಬೀಳು.”

“ಬೀಳಿಸಿ ಶಿಹಾನ್,” ಅಂದಳು ಮಾಲಾ, ಎಲ್ಲರಿಗೂ ಕೇಳುವ ಹಾಗೆ. “ನಾನೇನ್ ಬೇಡ ಅಂದ್ನಾ?”

ಒಂದು ಹೆಜ್ಜೆ ಮುಂದಿಟ್ಟಳು. ಅವನು ಎರಡೂ ಕೈಯಲ್ಲಿ ಹಿಡಿದಿದ್ದರೂ ಮರದ ಚಾಕುವಿನ ಮೊನೆ ಹೋಗಿ ರೇಷ್ಮೆ ಅಂಗಿಯ ಮೇಲಿನ ಹೊಟ್ಟೆಯಲ್ಲಿ ಮೆತ್ತಗೆ ಊರಿತು. “ಬ್ಲಾಕ್, ಪೂರ್ತಿ ಬ್ಲಾಕ್!” ಎಂದು ಸಂಗಮೇಶ್ ಕೈ ಕೊಡವಿಕೊಂಡ.

ಮಾಲಾ ಇಳಿದು ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಫೋನು ತೆಗೆದಳು.

“ಅಣ್ಣಾ, ನಾನು ಮಾಲಾ. ವ್ಯಾನಲ್ಲಿ ನನ್ ಸೀಟು ಹಂಗೇ ಇರ್ಲಿ... ಹೂಂ, ಸುತ್ತಾಡಿಸು ಪರ್ವಾಗಿಲ್ಲ.”

ಮೇಲೆ “ಹಾಯ್!” ಅಂತ ಕೂಗಿದ್ದು ಕೇಳಿಸಿತು. ಹಿಂದೆಯೇ ಯಾರೋ ದೊಪ್ಪನೆ ಬಿದ್ದರು.