ಶಾಂತಕ್ಕನ ಸೋಲು-ಗೆಲುವು

ಹೋದ ತಿಂಗಳು ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ನಮ್ಮ ಮನೆಯವರು ಪೇಪರಿನ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿದರು. ದೇಶದ ಮಹಿಳಾ ರಗ್ಬಿ ತಂಡದ ಕೋಚ್ ಹುದ್ದೆ ಬಿಡುತ್ತಿದ್ದಾರಂತೆ. ಅವರ ಕಾಲದಲ್ಲಿ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಂತೆ. ಫೋಟೋದಲ್ಲಿ ಸೀಟಿ ಕಚ್ಚಿಕೊಂಡು ನಿಂತವಳು ನಮ್ಮ ಶಾಂತಕ್ಕ. ರಾಮದುರ್ಗದ ಕಡೆಯ ಸುರೇಬಾನದವಳು. ಹಿಂದೆ ಬೈಲಹೊಂಗಲದ ಕಾಲೇಜಿನಲ್ಲಿ ನನಗೆ ಆಟ ಕಲಿಸಿದವಳು.

ನಮ್ಮವರದು ಬಜಾರಿನಲ್ಲಿ ಬಟ್ಟೆ ಅಂಗಡಿ. ಊರಿನ ಸತ್ಕಾರ ಸಮಿತಿಯಲ್ಲೂ ಇದ್ದಾರೆ, ಶಾಲು ಅವರ ಅಂಗಡಿಯಿಂದಲೇ ಹೋಗುವುದರಿಂದ. ಶಾಂತಕ್ಕ ಊರಿಗೆ ಬರುತ್ತಾಳೆಂದು ಸಮಿತಿ ಆಗಲೇ ಸತ್ಕಾರ ಗೊತ್ತು ಮಾಡಿತ್ತು. ಸುದ್ದಿ ಓದಿ ಇವರಿಗೆ ಅನುಮಾನ ಬಂತು.

“ಗೆದ್ದವ್ರಿಗೆ ಶಾಲು ಹೊದಸ್ತೀವಿ. ಸೋತವ್ರಿಗೆ ಏನು ಹೊದಸೂದು?”

“ಕೌದಿ ಹೊದಸ್ರಿ. ಬೆಚ್ಚಗ ಇರತೈತಿ,” ಅಂದೆ.

ಅವರು ನಗಲಿಲ್ಲ. ನನಗೆ ಮಾತ್ರ ನಗು ಹತ್ತಿದ್ದು ಇಳಿಯಲಿಲ್ಲ, ಏಕೆಂದರೆ ಆ ಹೊತ್ತಿಗೆ ಮನಸ್ಸು ಕಾಲೇಜಿನ ಮೈದಾನಕ್ಕೆ ಹೋಗಿಬಿಟ್ಟಿತ್ತು.

ಶಾಂತಕ್ಕ ಮೊದಲ ದಿನ ಚೀಲದಿಂದ ಚೆಂಡು ತೆಗೆದಾಗ ನೇಸರಗಿ ಸಂತೆಯ ಪಪ್ಪಾಯಿ ಅಂದುಕೊಂಡು ನಾವು ಹುಡುಗಿಯರು ಬಾಯಿ ಚಪ್ಪರಿಸಿದ್ದೆವು. ಮೇಡಂ ಅನ್ನಬೇಡಿ, ಅಕ್ಕ ಅನ್ನಿ ಎಂದು ಅಪ್ಪಣೆಯಾಯಿತು. “ಓಡೂವಾಗ ಮೇಡಂ ಅನ್ನಾಕ ಉಸರು ಸಾಲೂದಿಲ್ಲ,” ಅಂದಳು. ಆಮೇಲೆ ಆಟದ ನಿಯಮ ಹೇಳಿದಳು: ನಾವು ಓಡುವುದು ಮುಂದಕ್ಕೆ, ಆದರೆ ಕೈಯಿಂದ ಚೆಂಡು ಒಗೆಯುವುದು ಹಿಂದಿನವರಿಗೆ. ಮನೆಯಲ್ಲಿ ಹೇಳಿದಾಗ ಅವ್ವ ಒಲೆಯ ಮುಂದಿನಿಂದ ತಿರುಗಿ ನೋಡಿದ್ದಳು. “ಮುಂದ ಹೊಂಟವ್ರು ಹಿಂದ ಒಗಕೋತ ಹೋದ್ರ ಊರು ಯಾವಾಗ ಮುಟ್ಟತೀರಿ?”

ಊರು ಮುಟ್ಟಿದ್ದು ಕಿತ್ತೂರಿನಲ್ಲಿ, ನಮ್ಮ ಮೊದಲ ಪಂದ್ಯಕ್ಕೆ. ಎದುರಿಗೆ ದೊಡ್ಡ ಪಟ್ಟಣದ ಹುಡುಗಿಯರು, ಕಾಲಿಗೆ ಮುಳ್ಳಿನ ಬೂಟು. ನಮಗೆ ಕ್ಯಾನ್ವಾಸ್ ಬೂಟು, ಅದೂ ಕೆಲವರಿಗೆ. ಬಿದ್ದೆವು, ಎದ್ದೆವು, ಮತ್ತೆ ಬಿದ್ದೆವು. ಆಟ ಮುಗಿಯುವ ಹೊತ್ತಿಗೆ ಹೇಗೋ ಚೆಂಡು ನನ್ನ ಕೈಗೆ ಬಂತು. ಮುಂದೆ ಯಾರೂ ಇಲ್ಲ. ಓಡಿದೆ. ಗೆರೆ ದಾಟಿದ ಮೇಲೆ ಚೆಂಡನ್ನು ನೆಲಕ್ಕೆ ಹಚ್ಚಬೇಕು, ಅಂದರೆ ಮುಟ್ಟಿಸಬೇಕು, ಆಗಲೇ ಅಂಕ. ಶಾಂತಕ್ಕ ಪಕ್ಕದಲ್ಲೇ ಓಡುತ್ತ “ಹಚ್ಚು, ಹಚ್ಚು” ಎಂದು ಕೂಗುತ್ತಿದ್ದಳು. ನನ್ನ ಕಿವಿಗೆ ಅದು “ಹೆಚ್ಚು, ಹೆಚ್ಚು” ಎಂದು ಕೇಳಿಸಿತು. ಇನ್ನೂ ಹೆಚ್ಚು ಓಡಿದೆ. ಮೈದಾನ ಮುಗಿಯಿತು, ಬೇಲಿ ಮುಗಿಯಿತು, ಹೈವೇ ಬಂತು. ಲಾರಿ ಡ್ರೈವರೊಬ್ಬ ಗಾಡಿ ನಿಧಾನಿಸಿ, ಪಪ್ಪಾಯಿ ಕದ್ದವಳನ್ನು ನೋಡುವಂತೆ ನನ್ನನ್ನು ನೋಡಿದ.

ತಿರುಗಿ ಬಂದರೆ ನಮ್ಮ ಹುಡುಗಿಯರೆಲ್ಲ ಹೊಟ್ಟೆ ಹಿಡಿದುಕೊಂಡು ಹೊರಳುತ್ತಿದ್ದರು. ಶಾಂತಕ್ಕ ಬೆನ್ನು ತಟ್ಟಿ, “ಬರೇ ಓಟಕ್ಕ ಮಾರ್ಕ್ಸ್ ಇದ್ದಿದ್ರ ನಿನಗ ಪೂರಾ ಕೊಡತಿದ್ದೆ,” ಅಂದಳು. ಬಸ್ಸಿನಲ್ಲಿ ಬೈಲಹೊಂಗಲದ ತನಕ ಹಾಡಿದೆವು. ಕಂಡಕ್ಟರ್ ಕೇಳಿದ: “ಗೆದ್ದು ಬಂದ್ರೇನವಾ?” ಒಂದೇ ದನಿಯಲ್ಲಿ “ಇಲ್ರಿ, ಸೋತು,” ಅಂದೆವು. ಪಾಪ, ಅವನು ಟಿಕೆಟ್ ಹರಿಯುವುದನ್ನೂ ಮರೆತ.

ಅಂಥ ಶಾಂತಕ್ಕ ಸತ್ಕಾರದ ದಿನ ಊಟಕ್ಕೆ ನಮ್ಮ ಮನೆಗೇ ಬಂದಳು. ಕೂದಲು ನೆರೆತಿತ್ತು. ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳಿದಳು: “ಪೇಪರಿನ್ಯಾಗ ಬರದದ್ದು ಓದೀಯಲಾ. ನೀ ಏನಂತಿ?”

ಎಂಥವರೂ ಇಂಥ ಹೊತ್ತಿನಲ್ಲಿ ಸಿಹಿ ಮಾತು ಹುಡುಕುತ್ತಾರೆ. ನಾನೂ ಹುಡುಕಿದೆ, ಸಿಗಲಿಲ್ಲ. ಅವಳ ತಂಡದ ಪಂದ್ಯಗಳನ್ನೆಲ್ಲ ಮೊಬೈಲಿನಲ್ಲಿ ನೋಡಿದವಳು ನಾನು.

“ಖರೇ ಹೇಳ್ಲೇನಕ್ಕಾ? ಆ ಹಳೇ ಹುಡುಗ್ಯಾರನ್ನ ಭಾಳ ದಿನಾ ಆಡಿಸಿದಿ. ಅವ್ರ ಕಾಲು ಸೋತಿದ್ದುವು. ಕಡೀ ಹೊತ್ತಿಗೆ ಮ್ಯಾಚು ಕೈ ಬಿಟ್ಟು ಹೋಗತಿತ್ತು.”

ನಮ್ಮವರ ಕೈಯ ತುತ್ತು ಅರ್ಧ ದಾರಿಯಲ್ಲೇ ನಿಂತಿತು. ಶಾಂತಕ್ಕ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟಳು.

“ಖರೇ ಐತಿ,” ಅಂದಳು ಕೊನೆಗೆ. “ಏನೂ ಇಲ್ಲದಾಗ ನನ್ನ ಕೂಡ ಇದ್ದವ್ರು. ಹೊರಗ ಕುಂಡ್ರು ಅನ್ನಾಕ ನನಗ ಬಾಯಿ ಬರಲಿಲ್ಲ.”

“ಇನ್ನೊಂದೂ ಐತಿ,” ಅಂದೆ. “ನೀ ಬರೂಕಿಂತ ಮೊದಲ ನಮ್ಮ ದೇಶದ ಹುಡುಗ್ಯಾರು ಆಡೂದು ನೋಡಾಕ ಕುಂತ್ರ ಅರ್ಧಕ್ಕ ಬಂದ್ ಮಾಡತಿದ್ದೆ. ಈಗ ಕಡೀ ಸೀಟಿ ಊದೂತನಕ ನಿಂತ ನೋಡತೇನಿ. ಹಾಲು ಉಕ್ಕಿದ್ದೂ ಗೊತ್ತಾಗೂದಿಲ್ಲ.”

“ಅದು ಖರೇರಿ,” ಅಂದರು ನಮ್ಮವರು ಗಂಭೀರವಾಗಿ. “ನಮ್ಮ ಮನ್ಯಾಗ ಕರೀ ಚಹಾ ಶುರು ಆಗಿದ್ದು ನಿಮ್ಮಿಂದನ.”

ಶಾಂತಕ್ಕನಿಗೆ ನೆತ್ತಿಗೇರಿತು. ನೀರು ಕುಡಿದು ನಕ್ಕಳು, ಮತ್ತೆ ಕುಡಿದಳು, ಮತ್ತೆ ನಕ್ಕಳು. ಸಂಜೆ ನಮ್ಮವರು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಶಾಲನ್ನು ತಾವೇ ಹೊದಿಸಿದರು.

ಹೊರಡುವಾಗ ಅವಳು, “ಸವದತ್ತಿಯಾಗ ಹುಡುಗ್ಯಾರ ಟೀಮ್ ಕಟ್ಟಾಕ ಹತ್ತೇನಿ. ನೀನೂ ಬಾ,” ಅಂದಳು.

“ನನಗ ನಲವತ್ತು ದಾಟೇತಕ್ಕಾ.”

“ಅದು ಚೆಂಡಿಗೇನು ಗೊತ್ತು?”

ನಿನ್ನೆ ಹೋಗಿದ್ದೆ. ಹುಡುಗಿಯೊಬ್ಬಳು “ಸಂಭಾಳಿಸ್ರಿ ಅಕ್ಕಾರ,” ಎಂದು ಮರ್ಯಾದೆಯಿಂದ ಹೇಳಿಯೇ ನನ್ನನ್ನು ಕೆಡವಿದಳು. ಮಣ್ಣಿನಲ್ಲಿ ಮಲಗಿಕೊಂಡೇ ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ. ಇವತ್ತು ಬಲಗೈ ತಲೆಯ ತನಕ ಏಳುತ್ತಿಲ್ಲ. ನಮ್ಮವರು ಹಿಂದೆ ಕುಳಿತು ನನ್ನ ಜಡೆ ಹೆಣೆಯುತ್ತಿದ್ದಾರೆ, ಸೀರೆಯ ಗಂಟು ಕಟ್ಟುವ ಹಾಗೆ.

“ನಾಳೆನೂ ಹೋಗಾಕಿ ಏನು?” ಎಂದು ಕೇಳಿದರು.

“ಹೂನ್ರಿ.”

ಹೆಣೆದದ್ದನ್ನೆಲ್ಲ ಬಿಚ್ಚಿದರು.

“ಹಂಗಾರ ಬಿಗಿ ಹಾಕತೇನಿ, ತಡಿ.”