ಗಂಡಸರ ವಾರ್ಡಿನ ಬಾಗಿಲಲ್ಲಿದ್ದ ಅಕ್ಕ

ಅವರ ಎರಡೂ ಅಂಗೈ ಕಪ್ಪಗಿದ್ದವು. ಮಸಿಯ ಕಪ್ಪಲ್ಲ, ಹೊಗೆಸೊಪ್ಪು ಮುರಿಯುವಾಗ ಹತ್ತುವ ಅಂಟಿನ ಕಪ್ಪು. ಬೆರಳಿನ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೂತುಬಿಟ್ಟರೆ ಸೋಪಿಗೂ ಜಗ್ಗುವುದಿಲ್ಲ, ಸೀಗೆಪುಡಿಗೂ ಜಗ್ಗುವುದಿಲ್ಲ. ಮೈಸೂರಿನ ಆ ಆಸ್ಪತ್ರೆಯ ನರ್ಸಮ್ಮನಿಗೆ ಇದೆಲ್ಲಿ ಗೊತ್ತಿರಬೇಕು? "ಕೈ ತೊಳ್ಕೊಂಡು ಬಾಮ್ಮ, ಆಮೇಲೆ ಮಗನನ್ನ ಮುಟ್ಟು" ಎಂದು ನಲ್ಲಿಯ ಕಡೆ ತೋರಿಸಿದಳು. ಇವರು ತೊಳೆದು ಬಂದರು. ಅವಳು ಕೈ ನೋಡಿ ಮತ್ತೆ ಕಳಿಸಿದಳು. ಇವರು ಮತ್ತೆ ಹೋಗಿ ಉಜ್ಜಿ ಉಜ್ಜಿ ಬಂದು, ಕೈ ಎರಡನ್ನೂ ಅವಳ ಮೂಗಿನ ಹತ್ತಿರ ಹಿಡಿದರು.

"ಮೂಸಿ ನೋಡವ್ವ, ಒಗೆಸೊಪ್ಪಿನ ಅಂಟು ಕಣವ್ವ ಇದು. ಇದು ಓಗ್ಲಿ ಅಂತ ಕಾಯ್ತಾ ಕುಂತ್ರೆ ದೀಪಾವಳಿ ಆಯ್ತದೆ. ಅಲ್ಲೀಗಂಟ ನನ್ ಮಗ ಉಪಾಸ ಇರ್ಬೇಕಾ?"

ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ನಾನು ಮೊದಲ ಸಲ ಅವರನ್ನು ತಲೆ ಎತ್ತಿ ನೋಡಿದ್ದು ಆಗ.

ಅವರು ಪಿರಿಯಾಪಟ್ಟಣದ ಆಚೆ ಹಾರನಹಳ್ಳಿ ಕಡೆಯವರು. ನಾನು ಬಿಳಿಕೆರೆಯಲ್ಲಿ ಪ್ರೈಮರಿ ಶಾಲೆಯ ಟೀಚರು. ಅವರ ಮಗನಿಗೂ ನನ್ನ ಮಗಳಿಗೂ ಇದ್ದದ್ದು ಆಟಿಸಂ. ಇದು ಹುಚ್ಚಲ್ಲ, ಇದು ಹುಚ್ಚಲ್ಲ ಎಂದು ನೆಂಟರಿಗೆಲ್ಲ ಹೇಳಿ ಬಾಯಿ ನೋಯಿಸಿಕೊಂಡ ನಾವು, ಕೊನೆಗೆ ಜನ ಹುಚ್ಚರ ವಾರ್ಡು ಎಂದು ಕರೆಯುವ ಕಡೆಗೇ ಮಕ್ಕಳನ್ನು ಕರೆದುಕೊಂಡು ಬಂದಿದ್ದೆವು. ನನ್ನ ಮಗಳು ನಿದ್ದೆ ಬಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅವರ ಮಗ ತನ್ನ ಕೈಯನ್ನು ತಾನೇ ರಕ್ತ ಬರುವ ಹಾಗೆ ಕಚ್ಚಿಕೊಳ್ಳುತ್ತಿದ್ದ. ಹುಣಸೂರಿನ ಡಾಕ್ಟರು ಮೈಸೂರಿಗೆ ಹೋಗಿ ಎಂದರು. ಮೈಸೂರಿನವರು ಅಡ್ಮಿಟ್ ಮಾಡಿ ಎಂದರು. ಬೇರೆ ಎಲ್ಲಿಗೆ ಹೋಗಬಹುದಿತ್ತು ಎಂದು ಇವತ್ತಿಗೂ ಯಾವ ಪುಣ್ಯಾತ್ಮನೂ ನನಗೆ ಹೇಳಿಲ್ಲ.

ಮಕ್ಕಳಿಗೆಂದು ಬೇರೆ ವಾರ್ಡು ಅಲ್ಲಿರಲಿಲ್ಲ. ನನ್ನ ಮಗಳು ಹೆಂಗಸರ ವಾರ್ಡಿನಲ್ಲಿ, ಎದೆ ಬಡಿದುಕೊಂಡು ಅಳುವ ಹೆಂಗಸರ ಮಧ್ಯೆ. ಹದಿನಾಲ್ಕು ತುಂಬಿ ಮೀಸೆ ಚಿಗುರಿದ್ದ ತಪ್ಪಿಗೆ ಅವರ ಮಗ ಗಂಡಸರ ವಾರ್ಡಿನಲ್ಲಿ, ಕುಡಿತ ಬಿಡಿಸಲು ಕರೆತಂದವರ ಮಧ್ಯೆ. ಗಂಡಸರ ವಾರ್ಡಿನಲ್ಲಿ ರೋಗಿಯ ಜೊತೆಗೆ ಗಂಡಸೇ ಇರಬೇಕು. ತಾಯಿ ಸಂಜೆ ಭೇಟಿಯ ಹೊತ್ತಿನಲ್ಲಿ ಬಂದು ಮುಖ ನೋಡಿಕೊಂಡು ಹೋಗಬಹುದು. ಯಾವ ಮಹಾನುಭಾವ ಮಾಡಿದ ರೂಲೋ! ಮಾತೇ ಬಾರದ, ತಾಯಿ ಕಲಸಿ ಕೊಟ್ಟರೆ ಮಾತ್ರ ತಿನ್ನುವ ಹುಡುಗನನ್ನು ಅವನ ತಾಯಿಯಿಂದ ಕಿತ್ತು ಒಳಗಿಟ್ಟು, ಆಮೇಲೆ ಅವನು ಕಿರುಚಿದರೆ ಅದಕ್ಕೊಂದು ಇಂಜೆಕ್ಷನ್ನು.

ಅವರ ಯಜಮಾನರು ಮೊದಲೆರಡು ದಿನ ಜೊತೆಗಿದ್ದರು. ಆದರೆ ಊರಿನಲ್ಲಿ ಬ್ಯಾರನ್ ತುಂಬಿಸಿ ಬಂದಿದ್ದರು. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ಆ ಎತ್ತರದ ಮನೆಗೆ ಬೆಂಕಿ ಹಾಕಿದ ಮೇಲೆ ಕಾವು ನೋಡಿಕೊಳ್ಳಲು ಒಬ್ಬರು ಅಲ್ಲೇ ಬಿದ್ದಿರಬೇಕು, ಇಲ್ಲದಿದ್ದರೆ ವರ್ಷದ ದುಡಿಮೆ ಕರಕಲು. ಅವರು ಹೋಗಿ ತಮ್ಮನನ್ನು ಕಳಿಸಿದರು. ಆ ಭೂಪ ವಾರ್ಡಿನ ಕೂಗಾಟ ನೋಡಿ, ಟೀ ಕುಡಿದು ಬರ್ತೀನಿ ಅತ್ತಿಗೆ ಎಂದು ಹೋದವನು ಸೀದಾ ಪಿರಿಯಾಪಟ್ಟಣದ ಬಸ್ಸು ಹತ್ತಿದ.

ಹೀಗೆ ಅಕ್ಕ ಬಾಗಿಲಲ್ಲಿ ಉಳಿದರು. ನಾನು ಅವರನ್ನು ಅಕ್ಕ ಎಂದೇ ಕರೆದೆ. ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು, ಪ್ರೀತಿ ಉಕ್ಕಿದರೆ ಕಣವ್ವ, ಸಿಟ್ಟು ಬಂದರೂ ಕಣವ್ವ.

ಬಾಗಿಲಲ್ಲಿ ಕೂತೇ ಅವರು ಇಡೀ ವಿಭಾಗವನ್ನು ಮಾತಾಡಿಸುತ್ತಿದ್ದರು. ಕಸ ಗುಡಿಸುವವಳ ಮಗಳ ಬಾಣಂತನ ವಿಚಾರಿಸುವರು, ಕ್ಯಾಂಟೀನಿನವನಿಗೆ ಸಾರಿಗೆ ಹುಳಿ ಜಾಸ್ತಿಯಾಯಿತು ಎಂದು ಬೈಯುವರು. ಮಗನನ್ನು ಯಾರಿಗೆ ತೋರಿಸಿದರೂ ಒಂದೇ ಮಾತು: "ಇವ್ನಿಗೆ ಮಾತ್ ಬರಾಕಿಲ್ಲ, ಕಿವಿ ಚೆನ್ನಾಗ್ ಕೇಳುಸ್ತದೆ. ವಸಿ ನೋಡ್ಕೊಂಡ್ ಮಾತಾಡಿ." ಊರಿನಲ್ಲಿ ಓರಗಿತ್ತಿಯೊಬ್ಬಳು ಹೆತ್ತೋರಿಗೆ ಹೆಗ್ಗಣ ಮುದ್ದು ಎಂದು ಚುಚ್ಚಿದ್ದಳಂತೆ. "ಎಗ್ಗಣಾನೇ ಆಗ್ಲಿ ಬುಡು, ನಿನ್ ಮನೆ ರಾಗಿ ಏನ್ ತಿಂದಿಲ್ವಲ್ಲ ಅಂದೆ. ಅವತ್ತಿಂದ ಮಾತ್ ಬುಟ್ಟವ್ಳೆ. ಅಷ್ಟು ಒಳ್ಳೇದಾಯ್ತು" ಎಂದು ನಗುತ್ತಿದ್ದರು.

ಡಾಕ್ಟರರ ಪ್ರಶ್ನೆಗಳನ್ನು ನಾನು ಸಹಿಸಿಕೊಳ್ಳುತ್ತಿದ್ದೆ, ಅವರು ಸಹಿಸುತ್ತಿರಲಿಲ್ಲ. ಚಿಕ್ಕವನಿದ್ದಾಗ ಮೊಬೈಲ್ ಕೊಟ್ಟಿದ್ದಿರಾ, ಟೀವಿ ಮುಂದೆ ಕೂರಿಸಿದ್ದಿರಾ, ನೀವು ಮಾತಾಡಿಸದೇ ಇದ್ದದ್ದಕ್ಕೇ ಮಾತು ಬಂದಿಲ್ಲವೇನೋ ಎಂದು ಒಬ್ಬ ಡಾಕ್ಟರು ಎಲ್ಲರೆದುರಿಗೇ ಕೇಳಿದ. "ಮಾತಾಡ್ಸಿ ಮಾತಾಡ್ಸಿ ನನ್ ಗಂಟ್ಲೇ ಬಿದ್ದೋಯ್ತು ಸ್ವಾಮಿ. ಕೇಳಿ ನೋಡಿ, ಈಗ್ಲೂ ಸರ್ಯಾಗಿಲ್ಲ" ಎಂದರು. ಅವರ ದನಿ ನಿಜಕ್ಕೂ ಒಡಕಲಾಗಿತ್ತು.

ಒಂದು ದಿನ ಸಂಜೆ ಭೇಟಿಗೆಂದು ಒಳಗೆ ಹೋದ ಅಕ್ಕ ಕೂಗಿದ ಕೂಗಿಗೆ ನಾನು ಮಗಳನ್ನು ಕಂಕುಳಲ್ಲೆತ್ತಿಕೊಂಡೇ ಓಡಿದೆ. ಹುಡುಗನ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಕಟ್ಟಿದ ಜಾಗ ಕೆಂಪಗೆ ಬಾತಿತ್ತು. ಉಚ್ಚೆಯಲ್ಲಿ ನೆನೆದು ಮಲಗಿದ್ದ. ಕಿರುಚಲೂ ಶಕ್ತಿಯಿಲ್ಲದೆ ಬರೀ ತುಟಿ ಅಲ್ಲಾಡಿಸುತ್ತಿದ್ದ. ಅಕ್ಕ ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದರು.

"ಎತ್ನ ಕಟ್ಬೇಕಾದ್ರೂ ಮುಂದ್ಕೆ ಎಲ್ಡ್ ಎಳೆ ಉಲ್ಲು ಆಕಿ ಕಟ್ತೀವಲ್ರೋ! ನೀರಾದ್ರೂ ಕುಡ್ಸಿದ್ರೇನ್ರೋ?"

ಭೇಟಿಯ ಹೊತ್ತು ಮುಗಿಯಿತು ಎಂದು ಅವರನ್ನು ಹೊರಗೆ ಕಳಿಸಿದರು. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಗಲಾಟೆ ಮಾಡುವ ರೋಗಿಗಳಿರುತ್ತಾರೆ, ನರ್ಸುಗಳು ಕಡಿಮೆ, ಎಲ್ಲ ಒಪ್ಪುತ್ತೇನೆ. ಆದರೆ ಬಾಗಿಲ ಹೊರಗೆ ತಾಯಿ ಕೂತಿದ್ದಳಲ್ಲ! ಕಟ್ಟುವ ಬದಲು ಅವಳನ್ನು ಕರೆಯಬಹುದಿತ್ತಲ್ಲ! ಒಂದು ಬಾಗಿಲು ತೆಗೆಯಲು ಇವರಿಗೆ ಯಾವ ದೊಡ್ಡ ರೋಗ ಬಂದಿತ್ತು?

ಹೊರಗೆ ಬಂದ ಅಕ್ಕ ಸೆಕ್ಯುರಿಟಿಯವನನ್ನು ಮೆಲ್ಲಗೆ ಕೇಳಿದರು: "ಒಳೀಕೆ ಇರಾಕೆ ಗಂಡಾಳೇ ಆಗ್ಬೇಕೇನಪ್ಪ?"

"ಹೂಂ ಕಣಮ್ಮ. ಜೆಂಟ್ಸೇ ಆಗ್ಬೇಕು. ರೂಲ್ಸು."

ಮಾರನೇ ಬೆಳಿಗ್ಗೆ ಬಾಗಿಲ ಮುಂದೆ ನಿಂತಿದ್ದವರನ್ನು ನೋಡಿ ನನಗೂ ಗುರುತು ಸಿಗಲಿಲ್ಲ. ಸೊಪ್ಪು ಮುರಿಯಲು ಹೋಗುವ ಹೆಂಗಸರು ಅಂಟು ಮೈಗೆ ಹತ್ತದಿರಲಿ ಎಂದು ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರಟು ಹಾಕಿಕೊಳ್ಳುತ್ತಾರೆ, ತಲೆಗೆ ಟವಲು ಸುತ್ತುತ್ತಾರೆ. ಹೊಲದಿಂದ ಬಂದವರ ಚೀಲದಲ್ಲಿ ಅದು ಇದ್ದೇ ಇತ್ತು. ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಟವಲು ಬಿಗಿದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಬುಡಪ್ಪ ಒಳೀಕೆ."

"ಯಾರಮ್ಮ ನೀನು?"

"ಒಳಗ್ ಕಟ್ಟಾಕಿದ್ದೀರಲ್ಲ, ಆ ಉಡುಗನ್ ಕಡೆ ಗಂಡಾಳು."

ಸೆಕ್ಯುರಿಟಿಯವನು ಬಾಗಿಲಿಗೆ ಅಡ್ಡ ನಿಂತ. ಒಳಗಿದ್ದ ಗಂಡಸರು ಎದ್ದು ಬಂದು ನೋಡಿ ನಕ್ಕರು. ಎಚ್.ಡಿ. ಕೋಟೆ ಕಡೆಯಿಂದ ತಮ್ಮನನ್ನು ನೋಡಿಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. "ಬುಡಯ್ಯ ಆ ತಾಯ್ನ. ಇಲ್ಲಿರೋರು ನಾವು, ನಮ್ಗಿಲ್ದ ತೊಂದ್ರೆ ನಿಂಗೇನಯ್ಯ?" ಎಂದರು. ನರ್ಸಮ್ಮ ಬಂದಳು, ಡ್ಯೂಟಿ ಡಾಕ್ಟರು ಬಂದ.

"ಏನಮ್ಮ ಇದು ನಾಟಕ?"

"ನಾಟ್ಕ ನಾನಾಡ್ತಿಲ್ಲ ಸ್ವಾಮಿ. ಮಾತ್ ಬರ್ದಿರೋ ಮಗೀನ ಕಟ್ಟಾಕಿ, ಅವ್ನು ಅವ್ವ ಬೇಕು ಅಂತ ಅಳೋದ್ನ ಕಾಯ್ಲೆ ಅಂತೀರಲ್ಲ, ಅದು ನಾಟ್ಕ."

ಆ ಡಾಕ್ಟರು ಹುಡುಗ. ಮುಖ ಕೆಂಪಗಾಯಿತು. ನೆಲ ನೋಡುತ್ತಲೇ, ಹಗಲು ಮಾತ್ರ ಇರಲಿ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಸೆಕ್ಯುರಿಟಿಯವನು ಆಮೇಲೂ ಗೊಣಗಿದ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಹೊರಗೆ ಮುದ್ದೆ ಮಾಡಿಸಿ ತಂದು ಮಗನ ಪಕ್ಕ ನೆಲದ ಮೇಲೆ ಕೂತು ತಿನ್ನಿಸಿದರು. ಹುಡುಗ ತಿಂದ. ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಯಾರೂ ಚುಚ್ಚದೆ, ಮಟಮಟ ಮಧ್ಯಾಹ್ನ ನಿದ್ದೆ ಹೋದ. ಎರಡು ದಿನ ಬಿಟ್ಟು ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ಶಾಂತವಾಗಿ ಕೂತಿದ್ದ ಹುಡುಗನನ್ನು ನೋಡಿ, "ಗುಡ್. ಮಾತ್ರೆ ಹಿಡೀತು ನೋಡಿ" ಎಂದರು. ಮಾತ್ರೆಯಂತೆ!

ನನ್ನನ್ನೂ ಅಕ್ಕ ಬಿಡಲಿಲ್ಲ. ನನ್ನ ಮಗಳಿಗೆ ರಕ್ತ ತೆಗೆಯಲು ನಾಲ್ಕು ಜನ ಕೈಕಾಲು ಅದುಮಿ ಹಿಡಿದರು. ಅವಳು ಉಸಿರುಕಟ್ಟಿ ಅತ್ತಳು. ಮುಗಿದ ಮೇಲೆ ನಾನು ರೂಢಿಯಂತೆ "ಥ್ಯಾಂಕ್ಸ್ ಸಿಸ್ಟರ್" ಎಂದೆ. ಕಾರಿಡಾರಿನಲ್ಲಿ ಅಕ್ಕ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. "ಯಾತಕ್ಕವ್ವ ಥ್ಯಾಂಕ್ಸು? ಮೊದ್ಲು ನನ್ ಮಡ್ಲಲ್ ಕೂರಿಸ್ಕತೀನಿ, ಆಮೇಕ್ ಚುಚ್ಚಿ ಅನ್ಬೇಕಿತ್ತು. ನೀನ್ ಓದ್ದೋಳು. ನೀನೇ ಬಾಯ್ಮುಚ್ಕೊಂಡಿದ್ರೆ ನಮ್ ಗತಿ ಏನು?" ಮುಂದಿನ ಸಲ ನಾನು ಹಾಗೇ ಹೇಳಿದೆ. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡೇ ರಕ್ತ ತೆಗೆದರು, ಯಾರ ಗಂಟೂ ಹೋಗಲಿಲ್ಲ.

ಊರಿಗೆ ಬಂದ ಮೇಲೂ ಫೋನು ಇತ್ತು. ಸೊಪ್ಪಿನ ಸೀಸನ್ ಮುಗಿದಾಗ ಅವರ ಮನೆಗೆ ಹೋಗುತ್ತಿದ್ದೆ. ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದೇ ಜಗಲಿಯಲ್ಲಿ ಸುಖವಾಗಿ ಕೂರುತ್ತಿದ್ದರು. ಮಗಳ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಮದುವೆ ಮನೆಯಲ್ಲಿ ನಾನು ಜಗಳ ಆಡಿದ್ದೆಲ್ಲ ಅವರಿಗೆ ವರದಿ ಒಪ್ಪಿಸಬೇಕಿತ್ತು. ಸರಿಯಾಗಿ ಬೈದಿಲ್ಲ ಎನಿಸಿದರೆ ನನಗೇ ಬೈಯುವರು.

ಹೋದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಎಂದು ಮೈಸೂರಿನಲ್ಲಿ ಬೇರೊಂದು ಆಸ್ಪತ್ರೆಗೆ ಸೇರಿಸಿದರು. ಕೈಮೀರಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಆ ವಾರವೇ ತೀರಿಕೊಂಡರು. ತೀರಿಕೊಳ್ಳುವ ಮೊದಲು ನಾನು ಕೊನೆಯ ಸಲ ನೋಡಲು ಹೋದಾಗ ವಾರ್ಡಿನ ಹೊರಗೆ ಅವರ ಯಜಮಾನರು ಮಗನ ಕೈ ಹಿಡಿದು ನಿಂತಿದ್ದರು. ಮಗ ಈಗ ಅಪ್ಪನಿಗಿಂತ ಎತ್ತರ. ಬೆಳಿಗ್ಗೆಯಿಂದ ಹಾಗೇ ನಿಂತಿದ್ದರಂತೆ.

"ಒಳಗೆ ಯಾಕೆ ಹೋಗಿಲ್ಲಣ್ಣ?"

"ಇವನ್ನ ಬುಡಾಕಿಲ್ವಂತೆ ಕಣವ್ವ. ಇಂತೋರು ಕೂಗಾಡಿದ್ರೆ ಬ್ಯಾರೆ ಪೇಷೆಂಟ್ಗೆ ತೊಂದ್ರೆಯಂತೆ."

ಅವರು ಮೊದಲಿಂದಲೂ ಮಾತು ಕಡಿಮೆಯ ಮನುಷ್ಯ. ತಾಯಿ ಸಾಯುತ್ತಿದ್ದಾಳೆ, ಮಗ ಬಾಗಿಲಲ್ಲಿ! ನಾನು ಯಾರನ್ನೂ ಕೇಳಲಿಲ್ಲ. ಹುಡುಗನ ಕೈ ಹಿಡಿದು ನಡೆದೆ. ಬಾಗಿಲಲ್ಲಿದ್ದವನು ಮೇಡಂ ಮೇಡಂ ಎಂದು ಕೂಗಿದ, ನಾನು ತಿರುಗಲಿಲ್ಲ. ಅವರ ಯಜಮಾನರೂ ಹಿಂದೆಯೇ ಬಂದರು.

ಹುಡುಗ ಕೂಗಾಡಲಿಲ್ಲ. ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕೂತು ಮಂಚದ ಕಂಬಿಗೆ ಹಣೆಯಿಟ್ಟ. ಅಕ್ಕ ಕಣ್ಣು ಬಿಡದೆಯೇ ಕೇಳಿದರು.

"ಬಂದ್ನಾ?"

"ಬಂದ ಅಕ್ಕ."

"ಬುಟ್ರಾ?"

"ಇಲ್ಲ ಅಕ್ಕ, ಬಿಡಲಿಲ್ಲ. ಬಂದ್ವಿ."

ಅವರ ತುಟಿ ಸ್ವಲ್ಪ ಅಗಲವಾಯಿತು. ಕೈ ಮಂಚದಿಂದ ಕೆಳಗಿಳಿದು ತಡಕಾಡಿತು, ಮಗನ ತಲೆ ಸಿಕ್ಕ ಮೇಲೆ ನಿಂತಿತು. "ಇಲ್ಲೇ ಇರು ಕಣ್ಲಾ" ಎಂದರು.

ಅಷ್ಟರಲ್ಲಿ ಬಾಗಿಲಲ್ಲಿದ್ದವನು ಇನ್ನೊಬ್ಬನನ್ನು ಕರೆದುಕೊಂಡು ಬಂದು, ಇಂಥವರನ್ನೆಲ್ಲ ಇಟ್ಟುಕೊಳ್ಳುವ ಹಾಗಿಲ್ಲ, ಈಗಲೇ ಹೊರಡಿ ಎಂದು ಹೊಸ್ತಿಲಲ್ಲಿ ನಿಂತು ಕೂಗಲು ಶುರುಮಾಡಿದ. ನಾನು ಎದ್ದು ಹೋಗಿ ಅವರಿಬ್ಬರ ಮುಖದ ಮೇಲೆ ಬಾಗಿಲು ಹಾಕಿ, ಒಳಗಿನಿಂದ ಚಿಲಕ ಇಟ್ಟೆ.