ಏರ್ ಕ್ಲೀನರಿನೊಳಗಿನ ತೆಂಗಿನ ನಾರು

ಎಂಬತ್ತರ ದಶಕದ ಆರಂಭ. ಆ ಮಾಗಿಯಲ್ಲಿ ನಮ್ಮ ಹಳೆಯ ಕಾರು ಬೆಳಿಗ್ಗೆ ಸ್ಟಾರ್ಟ್ ಆದದ್ದೇ ಕರೀ ಹೊಗೆ ಕಾರಿ, ಕೆಮ್ಮಿ ನಿಂತುಬಿಡುತ್ತಿತ್ತು. ಬಿಸಿಲೇರಿದ ಮೇಲೆ ಏನೂ ಆಗಿಲ್ಲವೆಂಬಂತೆ ತಿಪಟೂರಿಗೆ ಓಡುತ್ತಿತ್ತು. ಪೆಟ್ರೋಲು ಮಾತ್ರ ಎಷ್ಟು ಹಾಕಿಸಿದರೂ ಸಾಲದು. ಡ್ರೈವರ್ ಕದ್ದು ಮಾರುತ್ತಿದ್ದಾನೆಂದು ಅಪ್ಪ ತೀರ್ಮಾನಿಸಿಬಿಟ್ಟಿದ್ದರು.

ಒಂದು ಬೆಳಿಗ್ಗೆ ಅಂಗಳದಲ್ಲೇ ಗುಡುಗಿದರು: "ಲೇ ಕಳ್ಳ, ನನ್ನ ಪೂಜೆ ಮುಗಿಯೋದ್ರೊಳಗೆ ಗಾಡಿ ನಿಲ್ದಂಗೆ ಓಡ್ಬೇಕು. ಇಲ್ದಿದ್ರೆ ಕೀ ಇಟ್ಟು ಹೊಂಟೋಗು."

ಡ್ರೈವರ್ ನನಗಿಂತ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ. ಅವನು ಹೋಗಿ ಬಾನೆಟ್ ಎತ್ತಿದ. ಹೈಸ್ಕೂಲು ಮುಗಿಸಿ ತೋಟ ನೋಡಿಕೊಳ್ಳುತ್ತಿದ್ದ ನಾನೂ ತಲೆ ತೂರಿಸಿದೆ. ಪ್ಲಗ್ ಬಿಚ್ಚಿದರೆ ಮಸಿ ಮೆತ್ತಿಕೊಂಡು ಪೆಟ್ರೋಲಿನಲ್ಲಿ ನೆನೆದಿದ್ದವು. ನನಗೆ ಮೈ ಜುಮ್ಮೆಂದಿತು.

"ಅಣ್ಣಾ, ಪೆಟ್ರೋಲೆಲ್ಲ ಉರೀದೆ ಇಲ್ಲೇ ನಿಂತೈತೆ! ಗಾಳಿ ಸಾಲ್ತಿಲ್ಲ ಕಣಣ್ಣ!"

"ಹೌದಲ್ಲಾ! ಚಳೀಗೆ ಚೋಕ್ ಎಳುದ್ರೆ ಗಾಳಿ ಇನ್ನೂ ಕಮ್ಮಿ," ಎಂದ ಅವನ ಕಣ್ಣೂ ಅರಳಿತು. "ಬಿಚ್ಚಪ್ಪ ಏರ್ ಕ್ಲೀನರ್ ಡಬ್ಬಿ!"

ಡಬ್ಬಿ ಎಂದದ್ದೇ ನನಗೆ ನೆನಪಾಯಿತು. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಅದರ ಜಾಲರಿ ಹರಿದಿದ್ದನ್ನು ಕಂಡು, ಹೊನ್ನವಳ್ಳಿ ರಸ್ತೆಯ ಧೂಳು ಒಳಹೋಗದಿರಲೆಂದು ದೀಪಾವಳಿಯ ಹೊತ್ತಿಗೆ ತೆಂಗಿನ ನಾರು ತುಂಬಿದವನು ನಾನೇ. ಯಾರಿಗೂ ಹೇಳಿರಲಿಲ್ಲ. ನಮ್ಮಲ್ಲಿ ಹಾಸಿಗೆಗೂ ನಾರು, ಪಾತ್ರೆ ಉಜ್ಜಲಿಕ್ಕೂ ನಾರು; ಕಾರಿಗೂ ಆದೀತು ಎಂದುಕೊಂಡಿದ್ದೆ. ಮುಚ್ಚಳ ತೆಗೆದರೆ, ಆ ನಾರು ಧೂಳನ್ನೂ ಇಬ್ಬನಿಯನ್ನೂ ಹೀರಿ ಮಣ್ಣಿನ ಹೆಂಟೆಯಂತೆ ಕೂತಿತ್ತು.

ಒಳಗೆ ಪೂಜೆಯ ಗಂಟೆ ಶುರುವಾಯಿತು. ನಾರು ಕಿತ್ತೆಸೆದು, ಪ್ಲಗ್ ಒರೆಸಿ ಬಿಗಿದೆವು. ಅವನು ಚೋಕ್ ಎಳೆದು ಸ್ಟಾರ್ಟ್ ಮಾಡಿದ. ಬುಸ್ಸೆಂದು ಹೊಗೆ ಬಂತು, ಆಮೇಲೆ ಎಂಜಿನ್ ಒಂದೇ ಸಮನೆ ಗುಂಯ್‌ಗುಟ್ಟಿತು. ಮೆಲ್ಲಗೆ ಚೋಕ್ ಒಳಗೆ ತಳ್ಳಿದ. ನಿಲ್ಲಲಿಲ್ಲ! ನಾನು ಕುಣಿದೇಬಿಟ್ಟೆ.

ವಿಭೂತಿ ಹಚ್ಚಿಕೊಂಡು ಹೊರಬಂದ ಅಪ್ಪ ನೆಲದ ಮೇಲಿನ ನಾರು ನೋಡಿದರು. "ಯಾವನ್ಲಾ ಇದ ತುರುಕ್ದೋನು?"

ನಾನು ಬಗ್ಗಿ ನಾರು ಬಾಚತೊಡಗಿದೆ. ಡ್ರೈವರ್ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡ. "ಇಲಿ ಗೂಡು ಕಟ್ಟೈತೆ ಬುಡಿ ಯಜಮಾನ್ರೇ. ನಿಮ್ಮ ಮಗನೇ ಕಂಡುಹಿಡುದ್ರು."

ಅಪ್ಪ ನನ್ನ ಬೆನ್ನು ತಟ್ಟಿದರು. ಕಳ್ಳ ಎಂದದ್ದಕ್ಕೆ ಅವನಿಗೆ ಒಂದು ಮಾತೂ ಹೇಳಲಿಲ್ಲ. ನಾನು ಬಾಯಿಬಿಟ್ಟಿದ್ದರೆ ಹೇಳುತ್ತಿದ್ದರೋ ಏನೋ.

"ಹತ್ತಪ್ಪಾ ಇಲಿರಾಯ," ಎಂದು ಅವನು ಕಾರಿನ ಬಾಗಿಲು ತೆಗೆದು ನಕ್ಕ. ನನಗೆ ನಗು ಬರಲಿಲ್ಲ.

ಅಂದಿನಿಂದ ಅಪ್ಪ ಕಾರಿನ ಕೆಳಗೆ ಇಲಿಬೋನು ಇಡಿಸುತ್ತಿದ್ದರು. ಅದಕ್ಕೆ ದಿನಾ ಸಂಜೆ ಕೊಬ್ಬರಿ ಚೂರು ಸಿಕ್ಕಿಸುತ್ತಿದ್ದವನು ನಾನೇ.